ಡೀಸೆಲ್ ಲಾರಿಯಲ್ಲಿ ಅತ್ತೆಯ ದಸರಾ

ಲಾರಿಗಳ ವಿಷಯದಲ್ಲಿ ನನ್ನಷ್ಟು ತಿಳಿದವನು ಆ ಕಾಲದ ರಾಜಾಜಿನಗರದಲ್ಲಿ ಇನ್ನೊಬ್ಬನಿರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ನಮ್ಮ ರಸ್ತೆಯಲ್ಲಿ ಲಾರಿ ಇದ್ದವನೇ ನಾನೊಬ್ಬ! ಉಳಿದವರಿಗೆ ಸೈಕಲ್ಲು ಇತ್ತು, ಇಲ್ಲವೇ ಕಾಲು ಇತ್ತು. ಹೀಗಾಗಿ ತಜ್ಞನ ಪಟ್ಟ ಯಾವ ಪೈಪೋಟಿಯೂ ಇಲ್ಲದೆ ನನಗೇ ಬಂದಿತ್ತು.

ಐವತ್ತರ ದಶಕದ ಮಾತು. ರಾಜಾಜಿನಗರ ಆಗಿನ್ನೂ ಅರ್ಧ ಮನೆ, ಅರ್ಧ ರಾಗಿ ಹೊಲ. ಎಲ್ಲಿ ನೋಡಿದರೂ ಅಡಿಪಾಯ, ಮರಳು ಗುಡ್ಡೆ, ಇಟ್ಟಿಗೆ ರಾಶಿ. ಆ ಮರಳು ಇಟ್ಟಿಗೆಗಳನ್ನು ಸಾಗಿಸುವುದೇ ನನ್ನ ಕಸುಬು. ಮೊದಲು ನನ್ನ ಹತ್ತಿರ ಇದ್ದದ್ದು ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಸಿಕ್ಕಿದ ಪೆಟ್ರೋಲ್ ಲಾರಿ. ಅದರ ನಾಡಿ ನನ್ನ ಬೆರಳ ತುದಿಯಲ್ಲಿತ್ತು. ಕೆಮ್ಮಿದರೆ ಪ್ಲಗ್ಗು, ಮುಲುಗಿದರೆ ಕಾರ್ಬುರೇಟರು, ಉಸಿರೇ ಎತ್ತದಿದ್ದರೆ ಕಿಡಿ ಕೊಡುವ ಕಾಯಿಲು. ಈ ಮೂರರ ಆಚೆಗೆ ಲಾರಿಗೆ ಬರುವ ರೋಗವೇ ಇಲ್ಲವೆಂಬುದು ನನ್ನ ಸಿದ್ಧಾಂತವಾಗಿತ್ತು.

ಆ ವರ್ಷ ಅದನ್ನು ಮಾರಿ ಡೀಸೆಲ್ ಲಾರಿ ಕೊಂಡೆ. ಓಡಿಸಲು ಬಾಬಣ್ಣ ಎಂಬ ಡ್ರೈವರನ್ನೂ ಇಟ್ಟೆ. ಗಾಡಿ ಬಂದ ದಿನವೇ ಅವನು ನನ್ನನ್ನು ಒಳಗೆ ಕೂರಿಸಿ ಪಾಠ ಶುರುಮಾಡಿದ.

"ಯಜಮಾನ್ರೇ, ಡೀಸೆಲ್ ಗಾಡಿ ಸ್ವಭಾವ ಬೇರೆ. ಇಲ್ಲಿರೋದನ್ನ ಒಂದೊಂದೂ ತೋರಿಸ್ಬಿಡ್ತೀನಿ."

"ಲಾರಿ ಅಂದ್ರೆ ಲಾರಿ ಕಣಯ್ಯ. ಹಸು ಕಪ್ಪಾದ್ರೆ ಹಾಲು ಕಪ್ಪೇ?" ಅಂದೆ.

ಬಾಬಣ್ಣ ನಕ್ಕು ಪಾಠ ಬಿಟ್ಟು ಕೆಳಗಿಳಿದ. ಆಮೇಲೂ ನಾನು ಆಗಾಗ ಗಾಡಿ ಓಡಿಸಿದ್ದುಂಟು. ಆದರೆ ನಾನು ಹತ್ತುವ ಮೊದಲು ಸ್ಟಾರ್ಟ್ ಮಾಡಿರುತ್ತಿದ್ದವನು ಅವನು, ನಾನು ಇಳಿದ ಮೇಲೆ ಆರಿಸುತ್ತಿದ್ದವನೂ ಅವನು. ಮಾಡಿಟ್ಟ ಅಡಿಗೆ ಬಡಿಸಿಕೊಂಡು ಉಣ್ಣುವವನು ನನಗೂ ಅಡಿಗೆ ಬರುತ್ತದೆ ಎಂದುಕೊಂಡಂತೆ, ಡೀಸೆಲ್ ವಿದ್ಯೆ ನನಗೆ ಕೈವಶವಾಯಿತೆಂದು ನಾನು ತಿಳಿದಿದ್ದೆ.

ಈಗ ನಮ್ಮ ಅತ್ತೆಯ ವಿಷಯ. ಪುಟ್ಟಮ್ಮನವರು ಹೇರೋಹಳ್ಳಿಯವರು. ಮೈಸೂರಿನ ಜಂಬೂಸವಾರಿ ನೋಡಬೇಕೆಂಬುದು ಅವರಿಗೆ ಮದುವೆಯಾದ ಕಾಲದಿಂದ ಇದ್ದ ಆಸೆ. ಒಂದು ವರ್ಷ ಹೆರಿಗೆ, ಒಂದು ವರ್ಷ ಹಸು ಈಯುವುದು, ಒಂದು ವರ್ಷ ಮಾವನವರ ಮಂಡಿನೋವು. ಏನಾದರೊಂದು ಅಡ್ಡ ಬಂದು ದಸರಾ ಬಂದಂತೆ ಹೋಗುತ್ತಿತ್ತು. ನೋಡಿ ಬಂದವರು ವರ್ಣಿಸುತ್ತಿದ್ದರೆ ಕೆಲಸ ಬಿಟ್ಟು ಕೇಳುತ್ತ ಕೂರುತ್ತಿದ್ದರು. "ಒಂದು ದಪ ಆ ಅಂಬಾರಿ ಕಣ್ಣಿಗೆ ಬಿದ್ರೆ ಸಾಕು ಕಣವ್ವ" ಎಂದು ಮಗಳ ಹತ್ತಿರ, ಅಂದರೆ ನನ್ನ ಹೆಂಡತಿ ಗೌರಿಯ ಹತ್ತಿರ, ಹೇಳಿಕೊಳ್ಳುತ್ತಿದ್ದರು.

ಆ ವರ್ಷ ನನ್ನ ಷಡ್ಡಕ ಶಿವಣ್ಣ ಅತ್ತೆಯನ್ನು ರೈಲಿನಲ್ಲಿ ಕರೆದುಕೊಂಡು ಹೋಗುವುದಾಗಿ ಮುಂದೆ ಬಂದ. ನನಗೆ ತಡೆಯಲಾಗಲಿಲ್ಲ. ಮನೆಯ ಮುಂದೆ ಹೊಸ ಲಾರಿ ನಿಂತಿರುವಾಗ ನಮ್ಮ ಅತ್ತೆ ರೈಲಿನಲ್ಲಿ ನೂಕುನುಗ್ಗಲಿನಲ್ಲಿ ನಿಂತು ಹೋಗುವುದೇ?

"ನೀನು ನಿನ್ನ ಸಂಸಾರ ಕರ್ಕೊಂಡು ರೈಲಲ್ಲಿ ಹೋಗಪ್ಪ. ಅತ್ತೆ ಲಾರೀಲಿ ಮುಂದಿನ ಸೀಟಲ್ಲಿ ಕೂತು ಬರ್ತಾರೆ. ನೀವು ಸ್ಟೇಷನ್ನಿಂದ ಆಚೆ ಬರೋದ್ರೊಳಗೆ ನಾವು ನೆರಳಲ್ಲಿ ಜಾಗ ಹಿಡಿದಿರ್ತೀವಿ" ಎಂದೆ.

ಅವನು ಹೋದ. ನಾನು ಬೀದಿಯವರನ್ನೂ ಕರೆದೆ. ಲಾರಿಯ ಹಿಂದೆ ಹುಲ್ಲು ಹರಡಿ ಜಮಖಾನ ಹಾಸುವುದು, ಹೊತ್ತು ಹುಟ್ಟುವ ಮುಂಚೆ ಹೊರಡುವುದು ಎಂದು ತೀರ್ಮಾನವಾಯಿತು. ಬಾಬಣ್ಣ ಹಬ್ಬಕ್ಕೆ ಊರಿಗೆ ರಜ ಕೇಳಿದ. ಧಾರಾಳವಾಗಿ ಕೊಟ್ಟೆ. ನಾನಿರುವಾಗ ಅವನೇಕೆ!

ಆಯುಧಪೂಜೆಯ ದಿನ ಲಾರಿಗೆ ನಾನೇ ಕೈಯಾರೆ ಪೂಜೆ ಮಾಡಿದೆ. ತೊಳೆದೆ, ಮುಂದೆ ಬಾಳೆಕಂಬ ಕಟ್ಟಿದೆ, ಚಕ್ರ ಚಕ್ರಕ್ಕೂ ಕುಂಕುಮವಿಟ್ಟೆ, ಬೂದುಗುಂಬಳ ಒಡೆದೆ. ಉಳಿದದ್ದು ಒಂದು ದಪ್ಪ ಚೆಂಡುಹೂವಿನ ಹಾರ. ಅದನ್ನು ಒಳಗೆ ಎಲ್ಲಿ ಕಟ್ಟುವುದೆಂದು ನೋಡುತ್ತಿದ್ದಾಗ ಸ್ಟಿಯರಿಂಗಿನ ಪಕ್ಕದ ಹಲಗೆಯಲ್ಲಿ ಒಂದು ಕರೀ ಗುಂಡಿ ಕಣ್ಣಿಗೆ ಬಿತ್ತು. ಹಿಡಿದು ಎಳೆದರೆ ಒಂದು ಗೇಣು ತಂತಿಯ ಸಮೇತ ಹೊರಗೆ ಬರುತ್ತಿತ್ತು, ಬಿಟ್ಟರೆ ಒಳಗೆ ಹೋಗುತ್ತಿತ್ತು. ಹಾರ ಕಟ್ಟಲೆಂದೇ ಕಂಪನಿಯವರು ಇಟ್ಟಿರುವ ಏರ್ಪಾಡು! ಎಷ್ಟು ದೈವಭಕ್ತಿ ಎಂದು ಮೆಚ್ಚಿಕೊಂಡು, ಗುಂಡಿಯನ್ನು ಪೂರ್ತಿ ಎಳೆದು, ಹಾರದ ಒಂದು ತುದಿಯನ್ನು ಅದಕ್ಕೆ, ಇನ್ನೊಂದನ್ನು ಬಾಗಿಲ ಪಕ್ಕದ ಹಿಡಿಗೆ ತೋರಣದಂತೆ ಬಿಗಿಯಾಗಿ ಕಟ್ಟಿದೆ. ನೋಡಿದವರೆಲ್ಲ ಭೇಷ್ ಅಂದರು.

ಅಂದೇ ಸಂಜೆ ಅತ್ತೆ ಹೇರೋಹಳ್ಳಿಯಿಂದ ಎತ್ತಿನ ಗಾಡಿಯಲ್ಲಿ ಬಂದಿಳಿದರು. ಗಾಡಿ ಹೊಡೆಯುವ ತಿಮ್ಮನೂ ಎತ್ತುಗಳೂ ನಮ್ಮಲ್ಲೇ ಉಳಿದರು.

ವಿಜಯದಶಮಿಯ ಬೆಳಗ್ಗೆ ಬೀದಿಯೆಲ್ಲ ಲಾರಿಯ ಹಿಂದೆ ಹತ್ತಿ ಕೂತಿತ್ತು. ಪುಳಿಯೋಗರೆಯ ಡಬರಿ, ಚಕ್ಕುಲಿ ಡಬ್ಬ, ನೀರಿನ ಹೂಜಿ ಎಲ್ಲವೂ ಏರಿದ್ದವು. ಅತ್ತೆ ಪೆಟ್ಟಿಗೆಯ ತಳದಿಂದ ತೆಗೆದ ಕೆಂಪು ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತರು. ನಾನೂ ಜರಿಯಂಚಿನ ಪಂಚೆಯುಟ್ಟು ಏರಿದೆ.

"ಅಳಿಯಂದಿರೇ, ಪೂಜೆ ಕದಲಿಸಿದ್ರಾ? ಹೂವ ತೆಗೀದೆ ಆಯುಧ ಮುಟ್ಟಬಾರ್ದು" ಎಂದರು ಅತ್ತೆ.

"ಅದೆಲ್ಲ ಮೈಸೂರಲ್ಲಿ ಅತ್ತೆ. ಮೊದಲು ಗಾಡಿ ಹೊರಡ್ಲಿ" ಎಂದು ಸ್ಟಾರ್ಟರ್ ಒತ್ತಿದೆ.

ಗೊರ್ ಗೊರ್ ಗೊರ್ ಗೊರ್. ಬಿಟ್ಟೆ. ಮತ್ತೆ ಒತ್ತಿದೆ. ಗೊರ್ ಗೊರ್ ಗೊರ್. ಇಂಜಿನ್ ತಿರುಗುತ್ತಿತ್ತು, ಹೊತ್ತಿಕೊಳ್ಳುತ್ತಿರಲಿಲ್ಲ.

ನನಗೆ ಒಳಗೊಳಗೇ ಸಂತೋಷವಾಯಿತೆಂದರೆ ನಂಬಬೇಕು. ಇಷ್ಟು ಜನರ ಮುಂದೆ ವಿದ್ಯೆ ತೋರಿಸುವ ಅವಕಾಶ ತಾನಾಗಿ ಬಂದಿತ್ತಲ್ಲ! "ಪ್ಲಗ್ಗಿಗೆ ಮಸಿ ಹಿಡಿದಿರುತ್ತೆ, ಒಂದು ನಿಮಿಷ" ಎಂದು ಸಾರಿ, ಪ್ಲಗ್ ಸ್ಪ್ಯಾನರ್ ಹಿಡಿದು ಬಾನೆಟ್ ಎತ್ತಿದೆ.

ಪ್ಲಗ್ಗೇ ಇರಲಿಲ್ಲ.

ಎಡಗಡೆ ನೋಡಿದೆ, ಬಲಗಡೆ ನೋಡಿದೆ, ಬಗ್ಗಿ ಕೆಳಗಿನಿಂದ ನೋಡಿದೆ. ಕಾರ್ಬುರೇಟರೂ ಇರಲಿಲ್ಲ. ಕಾಯಿಲಂತೂ ಕೇಳಲೇಬೇಡಿ. ನನ್ನ ಮೂರೂ ರೋಗಗಳು ಒಟ್ಟಿಗೆ ಮಾಯವಾಗಿದ್ದವು.

"ಏನ್ರೀ, ಏನು ಹುಡುಕ್ತಾ ಇದೀರಿ?" ಗೌರಿ ಮೇಲಿನಿಂದ ಕೇಳಿದಳು.

"ಯಾರೋ ಪ್ಲಗ್ ಕದ್ದಿದಾರೆ ಕಣೇ!"

ಅಷ್ಟರಲ್ಲಿ ಪಕ್ಕದ ಮನೆಯ ಶಾಮಣ್ಣನವರು ಲಾರಿಯಿಂದ ಇಳಿದು ಬಂದರು. ಅವರು ರೈಲ್ವೆಯಲ್ಲಿ ಉಗಿ ಇಂಜಿನ್ ಓಡಿಸಿ ನಿವೃತ್ತರಾದವರು. "ಡೀಸೆಲ್‌ಗೆ ಪ್ಲಗ್ ಇರಲ್ಲ ಅಂತ ಕೇಳಿದೀನಯ್ಯ. ಅದು ಕಾವಿನಲ್ಲಿ ಹತ್ತಿಕೊಳ್ಳುತ್ತಂತೆ. ತಣ್ಣಗಿರೋ ಇಂಜಿನ್ ಓಡಿದ್ದನ್ನ ನನ್ನ ಸರ್ವಿಸ್‌ನಲ್ಲೇ ನಾನು ನೋಡಿಲ್ಲ. ಮೊದಲು ಅದನ್ನ ಕಾಯಿಸು" ಎಂದರು.

ಪೆಟ್ರೋಲ್ ಪಂಡಿತನೂ ಉಗಿ ಪಂಡಿತನೂ ಸೇರಿ ಡೀಸೆಲ್‌ಗೆ ಚಿಕಿತ್ಸೆ ಶುರುಮಾಡಿದ್ದು ಹೀಗೆ.

ಬಚ್ಚಲ ಹಂಡೆಯಲ್ಲಿದ್ದ ಬಿಸಿನೀರನ್ನೆಲ್ಲ ತೋಡಿ ತಂದು ರೇಡಿಯೇಟರಿಗೆ ಹಾಕಿದೆವು, ಉಳಿದದ್ದನ್ನು ಇಂಜಿನ್ ಮೇಲೆ ಸುರಿದೆವು. ಅಷ್ಟು ಸಾಲದೆಂದು ಶಾಮಣ್ಣನವರು ಕೋಲಿಗೆ ಬಟ್ಟೆ ಸುತ್ತಿ ಸೀಮೆಎಣ್ಣೆಯಲ್ಲಿ ಅದ್ದಿ, ಬೆಂಕಿ ಹಚ್ಚಿ, ಇಂಜಿನ್ನಿನ ಹೊಟ್ಟೆಯ ಕೆಳಗೆ ಆರತಿ ಬೆಳಗಿದಂತೆ ಬೆಳಗಿದರು. ಹಿಂದೆ ಹುಲ್ಲಿನ ಮೇಲೆ ಕೂತಿದ್ದವರು ಕೆಳಗಿನ ಬೆಂಕಿ ಕಂಡು ಚಕ್ಕುಲಿ ಡಬ್ಬದ ಸಮೇತ ಧುಮುಕಿದರು.

"ಮೈಸೂರಿಗೆ ಅಂತ ಕರ್ದು ನಮ್ಮನ್ನ ಎಲ್ಲಿಗೆ ಕಳಿಸ್ಬೇಕು ಅಂತಿದೀರಿ?" ಎಂದು ಗೌರಿ ಕೂಗಿದಳು.

ಸ್ಟಾರ್ಟರ್ ಒತ್ತಿದೆ. ಗೊರ್ ಗೊರ್ ಗೊರ್. ಅಷ್ಟೇ.

ಆಗ ನನಗೆ ಜ್ಞಾನೋದಯವಾಯಿತು. ಒಮ್ಮೆ ಬಾಬಣ್ಣ "ಪೈಪಲ್ಲಿ ಗಾಳಿ ಸೇರ್ಕೊಂಡಿದೆ" ಎಂದು ಯಾವುದೋ ನಟ್ಟು ಸಡಿಲಿಸಿ, ಯಾವುದೋ ಸಣ್ಣ ಪಂಪು ಒತ್ತಿದ್ದನ್ನು ಕಂಡಿದ್ದೆ. "ಗಾಳಿ! ಗಾಳಿ ಹೊಕ್ಕಿದೆ!" ಎಂದು ಘೋಷಿಸಿ ಕಣ್ಣಿಗೆ ಕಂಡ ನಟ್ಟು ಸಡಿಲಿಸಿ, ಕೈಗೆ ಸಿಕ್ಕ ಪಂಪು ಒತ್ತಿದೆ. ಮೊದಲು ಗುಳುಗುಳು ಗುಳ್ಳೆ ಬಂತು. ನೋಡಿದಿರಾ ಎಂದು ಎಲ್ಲರ ಕಡೆ ತಿರುಗಿದ್ದೇ ತಡ, ಡೀಸೆಲ್ ಚಿಮ್ಮಿ ನನ್ನ ಜರಿಯಂಚಿನ ಪಂಚೆಗೆ ಅಭಿಷೇಕ ಮಾಡಿತು.

ನಟ್ಟು ಬಿಗಿದೆ. ಪಂಚೆ ಹೋದರೂ ತರ್ಕ ಹೋಗಲಿಲ್ಲ. ಡೀಸೆಲ್ ಇಲ್ಲಿಯವರೆಗೆ ಬರುತ್ತಿದೆ, ಸರಿ. ಮುಂದೆ ದೊಡ್ಡ ಪಂಪಿನಿಂದ ಇಂಜಿನ್ನಿಗೆ ಹೋಗುವ ಒಂದು ಪೈಪು ಬಿಚ್ಚಿ, ಶಾಮಣ್ಣನವರನ್ನು ಸ್ಟಾರ್ಟರ್ ಒತ್ತಲು ಕೂರಿಸಿದೆ. ಇಂಜಿನ್ ತಿರುಗಿತು. ಪಂಪಿನಿಂದ ಒಂದು ಹನಿಯೂ ಬರಲಿಲ್ಲ. ಹಾಗಾದರೆ ಕಸ ಕಟ್ಟಿದೆ! ಇದಕ್ಕಿಂತ ಸ್ಪಷ್ಟವಾದ ಪರೀಕ್ಷೆ ದೊಡ್ಡಾಸ್ಪತ್ರೆಯಲ್ಲೂ ನಡೆಯುವುದಿಲ್ಲ. ಪೈಪಿಗೆ ಬಾಯಿಟ್ಟು ಊದಿದೆ. ಬರಲಿಲ್ಲ. ಒಳಕ್ಕೆ ಎಳೆದೆ. ಬಂತು. ಪೈಪಿನಲ್ಲಿ ಉಳಿದಿದ್ದ ಡೀಸೆಲ್ಲೆಲ್ಲ ಬಾಯಿಗೇ ಬಂತು!

"ಬೆಳಿಗ್ಗೆ ಕಾಫೀನೂ ಕುಡೀಲಿಲ್ಲ ಅಂತ ನಾನು ಸಂಕಟ ಪಡ್ತಾ ಇದ್ದೆ" ಎಂದಳು ಗೌರಿ.

ಪೈಪು ಮತ್ತೆ ಜೋಡಿಸಿ, ಉಗುಳುತ್ತ ಮೇಲೆ ಹತ್ತಿದೆ. ಕಾಲು ತಗುಲಿ ಹಾರ ಸ್ವಲ್ಪ ಸಡಿಲಗೊಂಡಿತ್ತು. ದೇವರ ಕೆಲಸದಲ್ಲಿ ಉದಾಸೀನ ಬೇಡವೆಂದು ಅದನ್ನು ಗುಂಡಿಗೆ ಇನ್ನೂ ಒಂದು ಸುತ್ತು ಬಿಗಿದೆ. ಸ್ಟಾರ್ಟರ್ ಒತ್ತಿದೆ. ಈ ಸಲ ಗೊರ್ ಎನ್ನುವುದಕ್ಕೂ ಅದಕ್ಕೆ ತ್ರಾಣವಿರಲಿಲ್ಲ. ಗೊ... ಎಂದು ನಿಂತಿತು. ಬ್ಯಾಟರಿ ಕೈಚೆಲ್ಲಿತ್ತು.

ಬಿಸಿಲೇರುತ್ತಿತ್ತು. ಷಡ್ಡಕನ ರೈಲು ಎಂದೋ ಹೊರಟಾಗಿತ್ತು. ಅತ್ತೆ ಕೂತ ಜಾಗ ಬಿಟ್ಟು ಕದಲಿರಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ, ಯಾವ ಗಳಿಗೆಯಲ್ಲಾದರೂ ಹೊರಟೀತು ಎಂಬಂತೆ ಮುಂದಿನ ಗಾಜಿನಾಚೆ ರಸ್ತೆಯನ್ನೇ ನೋಡುತ್ತಿದ್ದರು.

"ನೂಕಿದ್ರೆ ಹೊತ್ತುತ್ತೆ. ಮುಂದೆ ಇಳಿಜಾರಿದೆಯಲ್ಲ" ಎಂದೆ. ನನ್ನ ಧೈರ್ಯ ಕುಂದಿರಲಿಲ್ಲ, ಅದನ್ನು ಮೆಚ್ಚಬೇಕು. ಬೀದಿಯೆಲ್ಲ ಸೇರಿ ನೂಕಿತು. ಇಳಿಜಾರಿನ ತಲೆಯವರೆಗೂ ಲಾರಿ ಹೋಗಲೊಲ್ಲದು. ಆಗ ನನ್ನ ಕಣ್ಣು ಅತ್ತೆಯ ಎತ್ತುಗಳ ಮೇಲೆ ಬಿತ್ತು.

"ಬ್ಯಾಡಿ ಸ್ವಾಮಿ. ಹಬ್ಬದ ಎತ್ತುಗಳು. ಇಂಥ ಕಬ್ಬಿಣದ ಕೋಣ ಎಳೆದು ರೂಢಿ ಇಲ್ಲ ಅವಕ್ಕೆ" ಎಂದ ತಿಮ್ಮ.

"ಇಳಿಜಾರು ಬರೋವರ್ಗೆ ಎಳೀಲಿ ಸಾಕು. ಅಲ್ಲಿ ನೀನು ಹಗ್ಗ ಬಿಚ್ಚಿ ಪಕ್ಕಕ್ಕೆ ಸರಿ. ಉಳಿದದ್ದು ನನಗೆ ಬಿಡು."

ಕೊಂಬಿಗೆ ಬಣ್ಣ ಬಳಿದು ಗೆಜ್ಜೆ ಕಟ್ಟಿದ ಎತ್ತುಗಳು ಮುಂದೆ, ಬಾಳೆಕಂಬ ಕಟ್ಟಿದ ಡೀಸೆಲ್ ಲಾರಿ ಹಿಂದೆ, ಅದರ ಹಿಂದೆ ಏದುಸಿರು ಬಿಡುತ್ತ ನೂಕುವ ಬೀದಿಯ ಜನ. ಮೈಸೂರಿನಲ್ಲಿ ಆಗಬೇಕಾದ ಮೆರವಣಿಗೆ ರಾಜಾಜಿನಗರದಲ್ಲೇ ಆಯಿತು. ಅಡಿಪಾಯದ ಕಲ್ಲುಗಳ ಮೇಲೆ ನಿಂತು ನೋಡುವ ಜನಕ್ಕೂ ಕೊರತೆಯಿರಲಿಲ್ಲ.

ಇಳಿಜಾರು ಬಂತು. ತಿಮ್ಮ ಹಗ್ಗ ಬಿಚ್ಚಿ ಎತ್ತುಗಳನ್ನು ಪಕ್ಕಕ್ಕೆ ಹೊಡೆದ. ಲಾರಿ ತಾನಾಗಿ ಉರುಳತೊಡಗಿತು. ಗೇರ್ ಹಾಕಿ ಕ್ಲಚ್ ಬಿಟ್ಟೆ. ಇಂಜಿನ್ ಗಡಗಡ ತಿರುಗಿತು, ಹೊತ್ತಲಿಲ್ಲ. ಕ್ಲಚ್ ಒತ್ತಿ ಬೇರೆ ಗೇರ್ ಹಾಕಿದೆ, ಬಿಟ್ಟೆ. ಹೊತ್ತಲಿಲ್ಲ. ಮತ್ತೆ ಒತ್ತಿದೆ. ಹೊತ್ತಿಸುವ ಏಕಾಗ್ರತೆಯಲ್ಲಿ ಬ್ರೇಕ್ ಎಂಬುದೊಂದಿದೆ ಎನ್ನುವುದು ಮರೆತೇ ಹೋಗಿತ್ತು. ನೆನಪಾದಾಗ ಎದುರಿಗೆ ಸ್ಕೂಲ್ ಮೇಷ್ಟರ ಹೊಸ ಮನೆಯ ಮರಳು ಗುಡ್ಡೆ ನಿಂತಿತ್ತು. ನಾನೇ ಹಿಂದಿನ ವಾರ ತಂದು ಸುರಿದ ಮರಳು!

ಧಡ್!

ಮೂತಿಯವರೆಗೆ ಮರಳಿನಲ್ಲಿ ಹೂತು ಲಾರಿ ನಿಂತಿತು. ಧೂಳು ಆರಿದ ಮೇಲೆ ಅತ್ತೆ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಕೇಳಿದರು.

"ಮೈಸೂರು ಬಂತಾ ಅಳಿಯಂದಿರೇ?"

ಹೊರಗೆ ಮೇಷ್ಟರು "ನನ್ನ ಮರಳು! ನನ್ನ ಮರಳು!" ಎಂದು ಕೂಗುತ್ತಿದ್ದರು. ಬೀದಿಯವರು ದಾರಿಯ ಪಕ್ಕದಲ್ಲಿ ಕೂತು ಪುಳಿಯೋಗರೆ ಬಿಚ್ಚಿದ್ದರು. ಕಾದು ಕಾದು ಸಾಕಾಗಿ, ಗೌರಿ ಕೂಡ ಬಯ್ಯುವುದನ್ನು ಬಿಟ್ಟಿದ್ದಳು. ಅವಳು ಬಯ್ಯದಿದ್ದರೆ ಪರಿಸ್ಥಿತಿ ಕೈಮೀರಿದೆ ಎಂದು ಅರ್ಥ.

ಅತ್ತೆ ನನ್ನ ಮುಖ ನೋಡಿದರು. "ಓಗ್ಲಿ ಬಿಡಿ. ನನ್ನ ಹಣೇಲಿ ಅಂಬಾರಿ ನೋಡೋದು ಬರ್ದಿಲ್ಲ. ನೀವು ಯಾಕೆ ಸಪ್ಪಗಾಗ್ತೀರಿ?" ಎಂದರು. ಅವರ ಕಣ್ಣಂಚಿನಲ್ಲಿ ನೀರಿತ್ತು. ಆ ಹೊತ್ತಿನಲ್ಲಿ ನನಗೆ ನಿಜಕ್ಕೂ ಸಂಕಟವಾಯಿತು. ರೈಲಿನಲ್ಲಿ ಹೋಗಲಿದ್ದವರನ್ನು ತಡೆದವನು ನಾನೇ ಅಲ್ಲವೇ?

"ಗಾಡಿ ಓಗ್ದೇ ಇದ್ರೂ ಪೂಜೆ ಕದಲಿಸ್ಬೇಕಲ್ಲಪ್ಪ. ಬಾಡಿದ ಹೂವ ಇಟ್ಕೋಬಾರ್ದು" ಎನ್ನುತ್ತ ಅತ್ತೆ ಕೈಚಾಚಿ ಚೆಂಡುಹೂವಿನ ಹಾರವನ್ನು ಹಿಡಿದು ಎಳೆದರು. ನಾನು ಬಿಗಿದ ಗಂಟು, ಸುಲಭಕ್ಕೆ ಬರುತ್ತದೆಯೇ? ಅವರೂ ಹೊಲ ಮಾಡಿದ ಕೈಯವರು. ಜಗ್ಗಿದರು. ದಾರ ಪಟ್ಟನೆ ಹರಿಯಿತು. ಕರೀ ಗುಂಡಿ ಟಕ್ ಎಂದು ಒಳಗೆ ಹೋಯಿತು.

"ಊಂ, ಈಗ ಒಂದು ದಪ ಒತ್ತಿ."

ಹಿರಿಯರ ಮಾತು ಮೀರಬಾರದೆಂದು ಒತ್ತಿದೆ. ಇಷ್ಟು ಹೊತ್ತು ಸುಧಾರಿಸಿಕೊಂಡಿದ್ದ ಬ್ಯಾಟರಿ ಗೊ...ರ್... ಎಂದು ನರಳಿತು. ಒಂದು ಗುದ್ದು. ಇನ್ನೊಂದು ಗುದ್ದು. ಕುಂಟ ಕುದುರೆಯಂತೆ ಒಂದಿಷ್ಟು ಎಡವಿ, ಆಮೇಲೆ ಗಡಗಡಗಡ ಎಂದು ಇಡೀ ಲಾರಿ ನಡುಗತೊಡಗಿತು. ಕಪ್ಪು ಹೊಗೆ ಮೇಷ್ಟರನ್ನು ಮುಚ್ಚಿಹಾಕಿತು.

ಬೀದಿಯವರು ಪುಳಿಯೋಗರೆ ಕೈಯಲ್ಲೇ ಜೈಕಾರ ಹಾಕಿದರು. ಒಂದು ಕ್ಷಣದ ಹಿಂದೆ ಸತ್ತಿದ್ದ ನನ್ನ ಧೈರ್ಯ ಎದ್ದು ಕೂತಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ ಭಾಷಣ ಮಾಡಿದೆ.

"ನೋಡಿದ್ರಾ! ಕಾಯಿಸಿದ್ದು, ಗಾಳಿ ತೆಗೆದದ್ದು, ಕಸ ಎಳೆದದ್ದು, ಎಲ್ಲ ಸೇರಿ ಈಗ ಫಲ ಕೊಡ್ತು! ಡೀಸೆಲ್ ಗಾಡಿ ಔಷಧಿ ನಿಧಾನವಾಗಿ ಹಿಡಿಯುತ್ತೆ, ಅಷ್ಟೇ!"

ಮರಳಿನಿಂದ ಹಿಂದಕ್ಕೆ ತೆಗೆದೆ. ಜನ ಏರಿದರು. ಶಾಮಣ್ಣನವರ ಹೆಂಡತಿ ಓಡಿಬಂದು, ದೃಷ್ಟಿಯಾಗಿತ್ತೆಂದು, ನಿಂಬೆಹಣ್ಣಿನ ಒಂದು ಹಾರ ಕೈಗಿತ್ತರು. ಕೃತಜ್ಞತೆಯಿಂದ ನನ್ನ ಎದೆ ತುಂಬಿತ್ತು. ಕಣ್ಣಿಗೊತ್ತಿಕೊಂಡು, ಕರೀ ಗುಂಡಿಯನ್ನು ಪೂರ್ತಿ ಎಳೆದು, ಹಾರವನ್ನು ಹಿಂದಿನಂತೆಯೇ ಬಾಗಿಲ ಪಕ್ಕದ ಹಿಡಿಗೆ ಬಿಗಿದೆ.

ಗಡಗಡ... ಗಡ... ಗಡ್. ನಿಶ್ಶಬ್ದ.

ಅತ್ತೆ ನನ್ನ ಕಡೆ ನೋಡಿದರು. ಆಮೇಲೆ ನಿಂಬೆಹಣ್ಣಿನ ಹಾರ ನೋಡಿದರು. ಕೈಚಾಚಿ ಅದನ್ನೂ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡರು. ಟಕ್!

"ಒತ್ತಿ."

ಒತ್ತಿದೆ. ಇಂಜಿನ್ ಬಿಸಿಯಾಗಿತ್ತು, ಒಂದೇ ಗೊರ್‌ಗೆ ಹೊತ್ತಿಕೊಂಡಿತು!

ಆಗ ನನಗೆ ಎಲ್ಲವೂ ತಿಳಿಯಿತು. ಬಾಬಣ್ಣ ಗಾಡಿ ನಿಲ್ಲಿಸುವಾಗಲೆಲ್ಲ ಹಲಗೆಯ ಹತ್ತಿರ ಕೈಯಿಟ್ಟು ಏನನ್ನೋ ಎಳೆದುಬಿಡುತ್ತಿದ್ದುದು ಕಣ್ಣ ಮುಂದೆ ಬಂತು. ಡೀಸೆಲ್ ಇಂಜಿನ್ ಆರಿಸುವ ಗುಂಡಿ ಅದು! ಎಳೆದರೆ ಇಂಜಿನ್ನಿಗೆ ಎಣ್ಣೆ ಬಂದ್. ನಾನು ಅದನ್ನು ಎಳೆದು, ಹೂವಿನಲ್ಲಿ ಬಿಗಿದು, ಬೆಳಗಿನಿಂದ ಇಂಜಿನ್ನಿನ ಕತ್ತು ಹಿಸುಕಿ ಹಿಡಿದುಕೊಂಡೇ "ಉಸಿರಾಡು, ಉಸಿರಾಡು" ಎಂದು ಗುದ್ದಾಡಿದ್ದೆ. ಈ ಜ್ಞಾನವನ್ನು ಆ ಕ್ಷಣದಲ್ಲಿ ಯಾರಿಗೂ ಹಂಚಲಿಲ್ಲ. "ಹಿರಿಯರು ಹೇಳಿದ್ದು ಸುಳ್ಳಲ್ಲ, ಪೂಜೆ ಕದಲಿಸಬೇಕು" ಎಂದಷ್ಟೇ ಗಂಭೀರವಾಗಿ ಹೇಳಿ ಗೇರ್ ಹಾಕಿದೆ. ಗೌರಿ ಹಿಂದಿನ ಕಿಂಡಿಯಿಂದ ಒಳಗೆ ಇಣುಕಿ ಗುಂಡಿ ನೋಡಿದಳು, ಹಾರ ನೋಡಿದಳು, ನನ್ನನ್ನೂ ನೋಡಿದಳು. ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಕೆಂಗೇರಿ ದಾಟಿದೆವು, ಬಿಡದಿ ದಾಟಿದೆವು. ದಾರಿಯಲ್ಲಿ ನೀರಿಗೆ ನಿಲ್ಲಿಸಿ ಎಂದರೂ ನಾನು ನಿಲ್ಲಿಸಲಿಲ್ಲ. ಮೈಸೂರು ಮುಟ್ಟುವಾಗ ಬಿಸಿಲು ಇಳಿದಿತ್ತು. ದೂರದಲ್ಲಿ ವಾದ್ಯದ ಸದ್ದು ಕೇಳಿಸುತ್ತಿತ್ತು, ಬನ್ನಿಮಂಟಪದ ದಾರಿಯ ಎರಡೂ ಕಡೆ ಜನ ಕಟ್ಟೆಯಂತೆ ನಿಂತಿದ್ದರು. ಒಂದು ಅಡ್ಡರಸ್ತೆಯಲ್ಲಿ ಗಾಡಿ ಬದಿಗೆ ನಿಲ್ಲಿಸಿ, "ಬನ್ನಿ ಅತ್ತೆ, ನಾನೇ ಮುಂದೆ ನಿಂತು ತೋರಿಸ್ತೀನಿ" ಎಂದು ಗುಂಡಿಗೆ ಕೈಹಾಕಿದೆ.

"ಅದನ್ನ ಮುಟ್ಟಬೇಡಿ!" ಗೌರಿಯ ಗುಡುಗು ಹಿಂದಿನಿಂದ ಬಂತು. "ಆರಿಸಿದ ಮೇಲೆ ಹೊತ್ತದೇ ಹೋದ್ರೆ? ಇಲ್ಲಿ ಮೇಷ್ಟರ ಮರಳೂ ಇಲ್ಲ, ನಮ್ಮೆತ್ತೂ ಇಲ್ಲ. ನೀವು ಇದರ ಕಾವಲಿಗೆ ಇಲ್ಲೇ ಕೂತಿರಿ. ನಾವು ಹೋಗಿ ಬರ್ತೀವಿ."

ಬೀದಿಯವರು ಒಮ್ಮತದಿಂದ ತಲೆಯಾಡಿಸಿದರು. ಎಲ್ಲರೂ ಇಳಿದು ಹೋದರು. ಗಡಗಡ ನಡುಗುವ ಲಾರಿಯಲ್ಲಿ, ಡೀಸೆಲ್ ವಾಸನೆಯ ಪಂಚೆಯುಟ್ಟು, ಕಾಲನ್ನು ಆಕ್ಸಿಲರೇಟರಿನ ಮೇಲಿಟ್ಟುಕೊಂಡು ನಾನೊಬ್ಬನೇ ಕೂತೆ. ಎದುರಿಗೆ ಕಂಡದ್ದು ಸಾವಿರಾರು ಬೆನ್ನು. ಜನ "ಓ" ಎಂದಾಗ ಅಂಬಾರಿ ಬಂತೆಂದು ತಿಳಿದುಕೊಂಡೆ, ಇನ್ನೊಮ್ಮೆ "ಓ" ಎಂದಾಗ ಹೋಯಿತೆಂದು ತಿಳಿದುಕೊಂಡೆ. ಅತ್ತೆಯನ್ನು ರೈಲಿನಿಂದ ತಪ್ಪಿಸಿ ದಸರಾಕ್ಕೆ ಕರೆತಂದ ಮಹಾನುಭಾವ ಕಂಡ ದಸರಾ ಇಷ್ಟು.

ಸ್ವಲ್ಪ ಹೊತ್ತಿಗೆ ಅತ್ತೆ ಬಂದರು. ಮುಖ ಅರಳಿತ್ತು. ಕಣ್ಣಲ್ಲಿ ನೀರು ಈಗಲೂ ಇತ್ತು, ಆದರೆ ಬೆಳಗ್ಗಿನದಲ್ಲ. ಸೀಟಿನಲ್ಲಿ ಕೂತು ನನ್ನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು. "ನಿಮ್ಮ ದಯದಿಂದ ನೋಡ್ದೆ ಅಳಿಯಂದಿರೇ. ಜನ್ಮ ಸಾರ್ಥಕ ಆಯ್ತು" ಎಂದರು. ಬೆಳಗಿನ ಅವಮಾನವೆಲ್ಲ ಆ ಒಂದು ಮಾತಿಗೆ ತೊಳೆದುಹೋಯಿತು. ನಾನು ಎದೆಯುಬ್ಬಿಸಿ ಗೇರಿಗೆ ಕೈಹಾಕಿದೆ.

ಅತ್ತೆಯ ಮಾತು ಮುಗಿದಿರಲಿಲ್ಲ.

"ಆ ಆನೆಗೆ ಎಷ್ಟು ಹೂವು ಅಂತೀರಿ! ಕತ್ತಿಗೆ ಹಾರ, ದಂತಕ್ಕೆ ಹಾರ, ಕಾಲಿಗೂ ಹಾರ. ಆದ್ರೂ ನೋಡಿ, ಒಂದು ಗಳಿಗೇನೂ ನಿಲ್ಲಲಿಲ್ಲ!"